ಅಪ್ಪಯ್ಯನ ಸ್ನಾನ, ಹಂಡೆಯ ನೀರು

ಶಿರಸಿ ಸೀಮೆಯ ಹಳೆಯ ಮನೆಗಳಲ್ಲಿ ಬಚ್ಚಲುಮನೆಗೆ ಒಂದು ಗತ್ತು ಇದೆ. ಅಡಿಕೆ ಸಿಪ್ಪೆ ಉರಿಯುವ ಒಲೆ, ಅದರ ಮೇಲೆ ಕೂರಿಸಿದ ತಾಮ್ರದ ಹಂಡೆ, ಮಳೆಗಾಲದುದ್ದಕ್ಕೂ ಆರದ ಕೆಂಡ. ನೆಂಟರು ಬಂದರೆ ಕಾಲು ತೊಳೆಯುವುದಕ್ಕೂ ಅಲ್ಲಿಯ ಬಿಸಿನೀರೇ ಆಗಬೇಕು. ಎಂಬತ್ತರ ಸಮೀಪದ ನಮ್ಮ ಅಪ್ಪಯ್ಯ ಇಂಥ ಬಚ್ಚಲಿನಲ್ಲಿ, ಮುಟ್ಟಿದರೆ ಚುರುಕ್ಕೆನ್ನುವ ನೀರನ್ನು ತಂಬಿಗೆಯಿಂದ ಮೈಮೇಲೆ ಸುರಿದುಕೊಳ್ಳುತ್ತ ಬದುಕಿದವರು. ಕಳೆದ ಆಷಾಢದಲ್ಲಿ ಲಕ್ವ ಹೊಡೆದು ಅವರ ಎಡಭಾಗ ಸೋತಿತು. ಆಸ್ಪತ್ರೆಯಿಂದ ಕರೆತಂದ ಮೇಲೆ ಊಟ, ಔಷಧಗಳ ಕ್ರಮ ವಾರದೊಳಗೆ ಕೂಡಿಬಂತಾದರೂ ಸ್ನಾನ ಮಾತ್ರ ನಮ್ಮನ್ನು ಬಹಳ ದಿನ ಕಾಡಿತು.

ಮೊದಲ ತಪ್ಪು ನನ್ನದೇ. ಅಪ್ಪಯ್ಯನ ಎಡಪಕ್ಕದಲ್ಲಿ ಕುಳಿತು ಎಡ ಭುಜದ ಮೇಲೆ ನೀರು ಹೊಯ್ದೆ. "ಎಂತ ತಮಾ, ನೀರು ಬಿಸಿನೇ ಇಲ್ಲೆ" ಎಂದರು. ಹಂಡೆಯಿಂದ ಇನ್ನೆರಡು ತಂಬಿಗೆ ಬೆರೆಸಿ, ಆ ನೀರನ್ನೇ ಒಂದಿಷ್ಟು ಬೋಗುಣಿಗೆ ಹಾಕಿ, ಎಡ ಪಾದವನ್ನು ಅದರಲ್ಲಿ ಇಡಿಸಿ ಬೆನ್ನಿಗೆ ಸೋಪು ಹಚ್ಚತೊಡಗಿದೆ. ಅವರು ಏನೂ ಹೇಳಲಿಲ್ಲ. ರಾತ್ರಿ ಕಂಬಳಿ ಹೊದಿಸುವಾಗ ನೋಡಿದರೆ ಹಿಮ್ಮಡಿಯ ಮೇಲ್ಭಾಗದಲ್ಲಿ ಎರಡು ನೀರುಗುಳ್ಳೆಗಳು ಎದ್ದಿದ್ದವು. ಲಕ್ವ ಹೊಡೆದ ಭಾಗಕ್ಕೆ ಬಿಸಿ ತಿಳಿಯದೆ ಹೋಗಬಹುದೆಂಬುದನ್ನೂ, ಸಕ್ಕರೆ ಕಾಯಿಲೆಯಿಂದ ಪಾದ ಜೋಮುಗಟ್ಟಿದವರಿಗೂ ಇದೇ ಅಪಾಯವಿರುವುದನ್ನೂ ಮರುದಿನ ಡಾಕ್ಟರು ಬಿಡಿಸಿ ಹೇಳಿದರು. ಬಿಸಿ ಸಾಲದೆಂದು ಅಪ್ಪಯ್ಯ ಹೇಳಿದ್ದು ಸೋತ ಭುಜದ ಸಾಕ್ಷಿಯನ್ನು ನಂಬಿ. ನಾನು ಹೆಚ್ಚು ಬಿಸಿ ಬೆರೆಸಿದ್ದು ಅಪ್ಪಯ್ಯನ ಮಾತನ್ನು ನಂಬಿ.

ಸುಮಾರು 60 ಡಿಗ್ರಿ ಸೆಲ್ಸಿಯಸ್ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮವನ್ನು ಸುಡಬಲ್ಲದು, ವಯಸ್ಸಾದವರ ತೆಳು ಚರ್ಮವನ್ನು ಇನ್ನೂ ಬೇಗ. ಉರಿಯುವ ಒಲೆಯ ಮೇಲಿನ ಹಂಡೆಯ ನೀರು ಅದಕ್ಕಿಂತ ಬಿಸಿಯಿರುವುದು ಸಾಮಾನ್ಯ. ಈಗ ಬಕೆಟ್ಟಿಗೆ ಮೊದಲು ತಣ್ಣೀರು, ಅನಂತರ ಬಿಸಿನೀರು. ಹದವನ್ನು 37-38 ಡಿಗ್ರಿಯ ಆಸುಪಾಸಿನಲ್ಲಿ ಇಡುತ್ತೇವೆ. ಥರ್ಮಾಮೀಟರು ಕೈಗೆ ಸಿಗದ ದಿನ ನನ್ನ ಮೊಣಕೈಯ ಒಳಭಾಗವನ್ನು ನೀರಿಗೆ ತಾಗಿಸಿ ನೋಡುತ್ತೇನೆ, ಏಕೆಂದರೆ ತೋಟದ ಕೆಲಸ ಮಾಡಿ ಜಡ್ಡುಗಟ್ಟಿದ ಅಂಗೈ ಇಂಥ ಲೆಕ್ಕಕ್ಕೆ ಉಪಯೋಗವಿಲ್ಲ. ಮೊದಲ ತಂಬಿಗೆ ಬೀಳುವುದು ಅಪ್ಪಯ್ಯನ ಬಲಗೈ ಮೇಲೆ.

ಮಲೆನಾಡಿನ ಮಳೆಗೆ ಕಲ್ಲು ಹಾಸಿದ ನೆಲದ ಮೇಲೆ ಪಾಚಿ ಕಟ್ಟುವುದು ಎಲ್ಲರಿಗೂ ಗೊತ್ತಿದ್ದದ್ದೇ. ಪೇಟೆಯಿಂದ ತಂದ ರಬ್ಬರ್ ಮ್ಯಾಟಿನ ಅಡಿಯ ಬಟ್ಟಲುಗಳು ನುಣುಪಾದ ಟೈಲ್ಸನ್ನು ಹಿಡಿಯುತ್ತವೆಯೇ ಹೊರತು ಉಬ್ಬುತಗ್ಗಿನ ಹಾಸುಗಲ್ಲನ್ನು ಹಿಡಿಯುವುದಿಲ್ಲ. ಮ್ಯಾಟೇ ಮನುಷ್ಯನನ್ನು ಹೊತ್ತುಕೊಂಡು ಜಾರುತ್ತದೆ. ಕೊನೆಗೆ ಒರಳುಕಲ್ಲಿಗೆ ಉಳಿಯಿಂದ ಗೀರು ಹೊಡೆಯುವ ಹಾಗೆ ಬಚ್ಚಲ ಕಲ್ಲುಗಳಿಗೂ ಹೊಡೆಸಿದೆವು, ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜುವ ಪದ್ಧತಿ ಮಾಡಿಕೊಂಡೆವು. ಶನಿವಾರದ ಎಣ್ಣೆಸ್ನಾನವನ್ನು ನಿಲ್ಲಿಸಲು ಮನಸ್ಸು ಒಪ್ಪಲಿಲ್ಲವಾದರೂ ಎಣ್ಣೆ ಹತ್ತಿದ ಮೈಯನ್ನು ಹಿಡಿದು ಎಬ್ಬಿಸುವಾಗ ಕೈ ಜಾರಿದ ಅನುಭವ ಒಮ್ಮೆ ಆಯಿತು, ಅಷ್ಟು ಸಾಕಾಯಿತು. ಈಗ ಸ್ನಾನ ಮುಗಿಸಿ ಮಂಚಕ್ಕೆ ಬಂದ ಮೇಲೆ ತೆಂಗಿನೆಣ್ಣೆಯನ್ನು ತೆಳುವಾಗಿ ಹಚ್ಚುತ್ತೇವೆ.

ಪ್ಲಾಸ್ಟಿಕ್ ಕುರ್ಚಿಯ ಕಾಲುಗಳು ಒದ್ದೆ ನೆಲದಲ್ಲಿ ಅಗಲಿಸಿಕೊಳ್ಳುವುದರಿಂದ, ಕಾಲಿಗೆ ರಬ್ಬರ್ ಟೊಪ್ಪಿಯೂ ಇಕ್ಕೆಲಗಳಲ್ಲಿ ಕೈಯೂ ಇರುವ ಅಲ್ಯೂಮಿನಿಯಂ ಕುರ್ಚಿ ತಂದೆವು. ಗೋಡೆಗೆ ಹಾಕಿಸಿದ ಹಿಡಿಕೆಯ ಸರಳು ಮಾತ್ರ ಎರಡು ಸಲ ಕಿತ್ತುಬಂತು. ಮೆದು ಚಿರೇಕಲ್ಲಿನ ಗೋಡೆ ಸ್ಕ್ರೂವನ್ನು ಹಿಡಿದಿಡಲಿಲ್ಲ. ಗೋಡೆಯ ಆಚೆ ಬದಿಗೆ ಕಬ್ಬಿಣದ ಪಟ್ಟಿ ಕೊಟ್ಟು ಬೋಲ್ಟ್ ತೂರಿಸಿದ ಮೇಲೆಯೇ ಅದು ಭಾರ ತಡೆದದ್ದು. ಒಳಗಿನ ಅಗುಳಿಯನ್ನು ಬಿಚ್ಚಿ ತೆಗೆದಿದ್ದೇವೆ. ಗ್ಯಾಸ್ ಗೀಸರ್ ಹಾಕಿಸಿ ಎಂದವರೂ ಇದ್ದರು, ಗಾಳಿಯಾಡದ ಬಚ್ಚಲಲ್ಲಿ ಅದರಿಂದ ವಾಸನೆಯೇ ಇಲ್ಲದ ವಿಷಾನಿಲ ತುಂಬಬಹುದಾದ್ದರಿಂದ ನಾನು ಒಪ್ಪಲಿಲ್ಲ.

ಮಲಗಿದವರನ್ನು ಎಬ್ಬಿಸಿದೊಡನೆ ನಡೆಸಿದರೆ ರಕ್ತದೊತ್ತಡ ತಟ್ಟನೆ ಇಳಿದು ತಲೆಸುತ್ತು ಬರಬಹುದು. ಹಾಗಾಗಿ ಮಂಚದ ಅಂಚಿನಲ್ಲಿ ಎರಡು ನಿಮಿಷ ಕೂರಿಸಿ, ಸೋತ ಎಡಪಕ್ಕದಲ್ಲಿ ನಾನು ನಿಂತು, ಸೊಂಟವನ್ನು ಬಳಸಿ ಹಿಡಿದು ಕರೆದೊಯ್ಯುತ್ತೇನೆ. ಸೋತ ತೋಳನ್ನು ಎಳೆದರೆ ಭುಜದ ಕೀಲು ಸಡಿಲುತ್ತದೆ. ಅಂಗಿ ಕಳಚುವಾಗ ಗಟ್ಟಿ ಕೈ ಮೊದಲು, ತೊಡಿಸುವಾಗ ಸೋತ ಕೈ ಮೊದಲು ಎಂದು ಆಸ್ಪತ್ರೆಯ ಫಿಸಿಯೋಥೆರಪಿಸ್ಟ್ ಕಲಿಸಿದ್ದು ಬಹಳ ಉಪಕಾರವಾಯಿತು. ಸೊಂಟದಿಂದ ಮೊಣಕಾಲಿನವರೆಗೆ ಪಾಣಿಪಂಚೆ ಇದ್ದೇ ಇರುತ್ತದೆ. ಅದರೊಳಗಿನ ಭಾಗವನ್ನು ಅಪ್ಪಯ್ಯನೇ ಬಲಗೈಯಿಂದ ತೊಳೆದುಕೊಳ್ಳುತ್ತಾರೆ, ನಾನು ಆಗ ಹಂಡೆಯ ಕಡೆಗೆ ಮುಖಮಾಡಿ ಅನಗತ್ಯವಾಗಿ ಒಲೆ ಕೆದಕುತ್ತೇನೆ. ಬೆರಳ ಸಂದು, ಕಂಕುಳು, ತೊಡೆಸಂದುಗಳನ್ನು ಒತ್ತಿ ಒರೆಸುವಾಗ ಟೊಂಕ, ಹಿಮ್ಮಡಿ, ಬಾಲಮೂಳೆಯ ಮೇಲೆ ಕೆಂಪಗಾಗಿದೆಯೇ ಎಂದು ನೋಡಿಕೊಳ್ಳುತ್ತೇನೆ. ಬೆರಳಿಂದ ಒತ್ತಿದರೂ ಮಾಸದ ಕೆಂಪು ಹಾಸಿಗೆ ಹುಣ್ಣಿನ ಮೊದಲ ಗುರುತು. ಅದನ್ನು ತಿಕ್ಕಬಾರದು, ಅಲ್ಲಿ ಭಾರ ಬೀಳದಂತೆ ಮಗ್ಗುಲು ಬದಲಿಸಬೇಕು.

ಜ್ವರವಿದ್ದಾಗ, ನಿಶ್ಶಕ್ತಿಯಾದಾಗ ಬಚ್ಚಲಿಗೆ ಕರೆದೊಯ್ಯದೆ ಮಂಚದ ಮೇಲೆಯೇ ಒದ್ದೆ ಬಟ್ಟೆಯಿಂದ ಮೈ ಒರೆಸುತ್ತೇವೆ. ಮೀಯದೆ ತುತ್ತು ಮುಟ್ಟದ ಅಪ್ಪಯ್ಯ ಮೊದಮೊದಲು ಇದಕ್ಕೆ ಒಪ್ಪಲಿಲ್ಲ. ಒಂದು ದಿನ ನಾನು ಬಟ್ಟೆ ಹಿಂಡುತ್ತಿದ್ದಾಗ ಅವರೇ ಬಲಗೈಯ ಬೆರಳುಗಳನ್ನು ಬೋಗುಣಿಗೆ ಅದ್ದಿ, "ಗಂಗೇ ಚ ಯಮುನೇ ಚೈವ" ಎಂದು ತೊದಲುತ್ತ ಮೂರು ಸಲ ತಲೆಗೆ ಪ್ರೋಕ್ಷಿಸಿಕೊಂಡು, ಕುಡಿಯಲು ಆಸರಿಗೆ ತರಲು ಹೇಳಿದರು.