ಐದು ವರ್ಷದ ಮಗುವನ್ನು ಬಂಡೆ ಹತ್ತಿಸಬಹುದೇ?

ರಜೆಯಲ್ಲಿ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದವರಿಗೆ ಬಾದಾಮಿಯ ಹೆಸರು ಹೇಳಿ, ಅಲ್ಲಿ ಮಗಳು ಹಗ್ಗ ಕಟ್ಟಿಕೊಂಡು ಬಂಡೆ ಹತ್ತಿದಳು ಎಂದು ಸೇರಿಸಿದ ಕೂಡಲೇ ಎದುರಿನವರ ಮುಖ ಗಂಭೀರವಾಗುತ್ತದೆ. ‘ಅಷ್ಟು ಚಿಕ್ಕ ಮಗುವನ್ನೇ? ಯಾವ ವಯಸ್ಸಿನಿಂದ ಹತ್ತಿಸಬಹುದು?’ ಎಂಬುದು ಆಮೇಲಿನ ಪ್ರಶ್ನೆ. ಶಾಲೆಯ ಗೇಟಿನ ಬಳಿ, ಮದುವೆ ಮನೆಗಳಲ್ಲಿ, ಕಚೇರಿಯ ಊಟದ ಹೊತ್ತಿನಲ್ಲಿ ಇದಕ್ಕೆ ತುಂಡು ತುಂಡಾಗಿ ಉತ್ತರ ಕೊಡುತ್ತಲೇ ಬಂದಿದ್ದೇನೆ. ಪೂರ್ತಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಹತ್ತಿಸಬಹುದು. ಆದರೆ ವಯಸ್ಸನ್ನು ಎಣಿಸುವ ಮೊದಲು ನಾನು ಎರಡು ಸಂಗತಿಗಳನ್ನು ನೋಡುತ್ತೇನೆ: ‘ನಿಲ್ಲು’ ಎಂದರೆ ಮಗು ಇದ್ದಲ್ಲಿಯೇ ನಿಲ್ಲುತ್ತದೆಯೇ, ಮತ್ತು ‘ಇಳಿಸು’ ಎಂದು ಮಗು ಹೇಳಿದರೆ ಹಿರಿಯರು ಇಳಿಸುತ್ತಾರೆಯೇ. ನನ್ನ ಮಗಳಿಗೆ ಮೊದಲನೆಯದು ನಾಲ್ಕು ವರ್ಷಕ್ಕೇ ಬಂದಿತ್ತು. ಎರಡನೆಯದನ್ನು ಕಲಿಯಲು ನಾನೇ ತಡಮಾಡಿದೆ, ಆ ತಪ್ಪಿನ ದಂಡವನ್ನು ಅವಳು ತೆತ್ತಳು.

ಅವಳಿಗೆ ನಾಲ್ಕು ತುಂಬಿದ ವರ್ಷ, ಬೆಂಗಳೂರಿನ ಹೊರವಲಯದ ಒಂದು ಗ್ರಾನೈಟ್ ಗುಡ್ಡಕ್ಕೆ ಪರಿಚಯದವರ ಜೊತೆ ಭಾನುವಾರ ಬೆಳಿಗ್ಗೆ ಹೋಗಿದ್ದೆವು. ಹತ್ತು ಅಡಿಯವರೆಗೆ ಅವಳು ಖುಷಿಯಿಂದಲೇ ಏರಿದಳು. ಅಲ್ಲಿ ಕೆನ್ನೆಯನ್ನು ಕಲ್ಲಿಗೆ ಒತ್ತಿ ನಿಂತುಬಿಟ್ಟು, ಮೆಲ್ಲಗೆ, ‘ಅಮ್ಮಾ, ಇಳಿಸು’ ಎಂದಳು. ಹಗ್ಗ ಸರಿಯಾಗಿತ್ತು, ಗಂಟು ಸರಿಯಾಗಿತ್ತು, ಬೀಳುವ ಭಯವೇನೂ ಇರಲಿಲ್ಲ. ಅದೆಲ್ಲ ನನಗೆ ಗೊತ್ತಿದ್ದುದರಿಂದಲೇ ನಾನು ಅವಳ ಮಾತನ್ನು ಕೇಳಿಸಿಕೊಳ್ಳಲಿಲ್ಲ. ‘ಇನ್ನು ಮೂರೇ ಅಡಿ ಪುಟ್ಟಿ, ಮೇಲೆ ಒಂದು ಸಲ ಕೈ ಇಟ್ಟು ಬಾ’ ಎಂದೆ. ಕೆಳಗಿದ್ದವರೆಲ್ಲ ಚಪ್ಪಾಳೆ ತಟ್ಟಿ ಹುರಿದುಂಬಿಸಿದರು. ಅವಳು ಅಳುತ್ತ ಏರಿದಳು, ಮುಟ್ಟಿದಳು, ಅಳುತ್ತಲೇ ಇಳಿದಳು. ಆ ದಿನದ ಫೋಟೋವನ್ನು ಎಲ್ಲರೂ ಮೆಚ್ಚಿದರು. ಅದಾದ ಮೇಲೆ ಹತ್ತು ತಿಂಗಳು ಅವಳು ಪಾರ್ಕಿನ ಜಾರುಬಂಡೆಯ ಏಣಿಯನ್ನೂ ಹತ್ತಲಿಲ್ಲ. ನಾನು ಧೈರ್ಯ ಕಲಿಸಿದೆನೆಂದು ತಿಳಿದಿದ್ದೆ. ಮೇಲೆ ಹೋದರೆ ತನ್ನ ಮಾತಿಗೆ ಯಾರೂ ಕಿವಿಗೊಡುವುದಿಲ್ಲ ಎಂಬುದನ್ನು ಅವಳು ಕಲಿತಿದ್ದಳು.

ಮುಂದಿನ ಡಿಸೆಂಬರಿನಲ್ಲಿ ಬಾದಾಮಿಗೆ ಹೋದಾಗ, ಬಂಡೆ ಹತ್ತಿಸಲೇಬೇಕೆಂಬ ಹಟವನ್ನು ಮನೆಯಲ್ಲಿಯೇ ಬಿಟ್ಟು ಹೋಗಿದ್ದೆ. ಬೆಂಗಳೂರಿನಿಂದ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹಿಡಿದರೆ ಬಾದಾಮಿ ನಿಲ್ದಾಣದಲ್ಲಿಯೇ ಇಳಿಯಬಹುದು. ಗದಗಿನ ಕಡೆಯವರಾದ ನಮ್ಮ ಅತ್ತೆಯೂ ಜೊತೆಗೆ ಬಂದಿದ್ದರು. ಹೊರಡುವ ಮೊದಲು ಅವರು ಕೇಳಿದ್ದೂ ಇದೇ ಪ್ರಶ್ನೆಯನ್ನು: ‘ಯವ್ವಾ, ಕೂಸಿಗೆ ಏನರ ಆದ್ರ ಹೆಂಗ?’ ಆಗ ನನ್ನಲ್ಲಿ ತಕ್ಕ ಉತ್ತರವಿರಲಿಲ್ಲ. ನೀವೇ ಬಂದು ನೋಡಿ, ನಿಮಗೆ ಸರಿಕಾಣದಿದ್ದರೆ ಬೇಡ ಎಂದಿದ್ದೆ.

ಬಾದಾಮಿಯನ್ನು ಆರಿಸಿಕೊಂಡದ್ದಕ್ಕೆ ಕಾರಣ ಅಲ್ಲಿನ ಕಲ್ಲು. ಹಂಪಿಯದೂ ರಾಮನಗರದ್ದೂ ಗ್ರಾನೈಟ್. ಅಲ್ಲಿ ಎಷ್ಟೋ ಕಡೆ ಕೈಗೆ ಹಿಡಿ ಸಿಗದೆ, ಪಾದವನ್ನು ಒತ್ತಿ ನಿಂತ ಘರ್ಷಣೆಯನ್ನೇ ನಂಬಿ ಏರಬೇಕಾಗುತ್ತದೆ. ಬಾದಾಮಿಯ ಕೆಂಪು ಮರಳುಗಲ್ಲು ಪದರ ಪದರವಾಗಿ ಕೂತಿದೆ. ಪದರಗಳ ನಡುವಿನ ಸಂದುಗಳು ಅಡುಗೆಮನೆಯ ಕಪಾಟಿನ ಹಲಗೆಗಳ ಹಾಗೆ ಅಡ್ಡಡ್ಡಲಾಗಿ ಸಾಗುವುದರಿಂದ ಪುಟ್ಟ ಕೈಗಳಿಗೂ ಹಿಡಿ ದಕ್ಕುತ್ತದೆ. ಅನುಭವಿಗಳು ದೇಶವಿದೇಶಗಳಿಂದ ಬಂದು ಹತ್ತುವ ಬಹಳ ಕಠಿಣವಾದ ಗೋಡೆಗಳೂ ಅಲ್ಲಿವೆ, ಐದು ವರ್ಷದವಳು ಆಡಬಹುದಾದ ಓರೆ ಬಂಡೆಗಳೂ ಇವೆ.

ಆದರೆ ಈ ಕಲ್ಲಿಗೆ ಒಂದು ದೌರ್ಬಲ್ಯವಿದೆ. ಮರಳುಗಲ್ಲು ನೀರು ಹೀರುತ್ತದೆ, ಹೀರಿದಾಗ ಅದರ ಬಲ ಕುಗ್ಗುತ್ತದೆ. ಒಣಗಿದ್ದಾಗ ಗಟ್ಟಿಯಾಗಿದ್ದ ಹಿಡಿ ಮಳೆಯ ಮರುದಿನ ಕೈಯಲ್ಲಿಯೇ ಕಿತ್ತು ಬರಬಹುದು. ಮೇಲ್ಮೈ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದಿರುತ್ತದೆ. ಆದ್ದರಿಂದ ಅಕಾಲದ ಮಳೆ ಬಂದರೆ ಒಂದೆರಡು ದಿನ ಹತ್ತುವ ಮಾತನ್ನೇ ಎತ್ತಬಾರದು. ಡಿಸೆಂಬರ್, ಜನವರಿಯ ಬೆಳಗಿನ ಹೊತ್ತು ಮಕ್ಕಳಿಗೆ ಹಿತವಾಗಿರುತ್ತದೆ; ಬೇಸಿಗೆ ರಜೆಯಲ್ಲಿ ಆ ಕಲ್ಲು ಕಾದ ಹಂಚಾಗುವುದರಿಂದ, ಶಾಲೆಗೆ ದೊಡ್ಡ ರಜೆ ಆಗಲೇ ಇದ್ದರೂ ನಾನು ಬೇಡವೆನ್ನುತ್ತೇನೆ.

ಮೊದಲ ದಿನ ನಾವು ಹಗ್ಗವನ್ನು ಹೊರಗೆ ತೆಗೆಯಲೇ ಇಲ್ಲ. ಬಂಡೆಯಲ್ಲಿ ಕೊರೆದ ಗುಹಾದೇವಾಲಯಗಳಾದ ಮೇಣಬಸದಿಗಳ ಮೆಟ್ಟಿಲು ಹತ್ತಿದೆವು, ಅಗಸ್ತ್ಯತೀರ್ಥದ ಕೆರೆಯ ದಂಡೆಯಲ್ಲಿ ಕೂತೆವು. ಚಾಲುಕ್ಯರ ಮಂಗಳೇಶನ ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯಲ್ಲಿ, ಹೊರಗಿನ ಬಂಡೆಯೂ ಒಳಗಿನ ಕಂಬವೂ ಒಂದೇ ಕಲ್ಲು ಎಂದು ಹೇಳಿದಾಗ ಮಗಳು ನಂಬದೆ ಎರಡರ ಬಣ್ಣವನ್ನೂ ಹಲವು ಸಲ ಹೋಲಿಸಿ ನೋಡಿದಳು. ಅಲ್ಲಿಯೇ ಅವಳಿಗೊಂದು ನಿಯಮ ಹೇಳಿಕೊಟ್ಟೆ: ಉಳಿ ತಾಗಿದ ಕಲ್ಲನ್ನು ನೋಡಬೇಕು, ಹತ್ತಬಾರದು. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಗೋಡೆ, ಕೋಟೆ, ಗುಡಿಗಳ ಮೇಲೆ ಹತ್ತುವುದು ಅಪರಾಧವೂ ಹೌದು. ಚಿತ್ರದುರ್ಗದ ಕೋಟೆಯ ಗೋಡೆಯನ್ನು ಹಗ್ಗವಿಲ್ಲದೆ ಏರುವ ಜ್ಯೋತಿರಾಜ್ ಅವರ ವಿಡಿಯೋಗಳನ್ನು ನಮ್ಮ ಮಕ್ಕಳೆಲ್ಲ ನೋಡಿರುತ್ತಾರೆ, ನನ್ನ ಮಗಳೂ ನೋಡಿದ್ದಳು. ಅದು ವರ್ಷಗಟ್ಟಲೆ ದೇಹವನ್ನು ಪಳಗಿಸಿದ ಒಬ್ಬ ವಯಸ್ಕರ ಆಯ್ಕೆ, ನಮ್ಮ ಆಟದಲ್ಲಿ ಹಗ್ಗವಿಲ್ಲದೆ ಒಂದು ಹೆಜ್ಜೆಯೂ ಇಲ್ಲ ಎಂಬುದನ್ನು ಬಂಡೆಯ ಬಳಿಗೆ ಹೋಗುವ ಮೊದಲೇ ಅವಳಿಗೆ ಬಿಡಿಸಿ ಹೇಳಬೇಕಾಯಿತು.

ಮಾರ್ಗದರ್ಶಕರನ್ನು ಹುಡುಕುವಾಗ ದರ, ಅನುಭವ ಇವುಗಳನ್ನೆಲ್ಲ ಕೇಳಿದ ಮೇಲೆ ನಾನು ಇನ್ನೊಂದನ್ನು ಕೇಳುತ್ತೇನೆ: ಅರ್ಧಕ್ಕೆ ಹೋಗಿ ಮಗು ಇಳಿಸಿ ಎಂದರೆ ಏನು ಮಾಡುತ್ತೀರಿ? ಒಬ್ಬರು, ‘ಅದೆಲ್ಲ ನಾನು ಧೈರ್ಯ ಹೇಳಿ ಹತ್ತಿಸ್ತೀನಿ, ನೀವು ಚಿಂತೆ ಮಾಡಬೇಡಿ ಮೇಡಂ’ ಎಂದರು. ಅವರಿಗೆ ನಮಸ್ಕಾರ ಹೇಳಿದೆ. ಮತ್ತೊಬ್ಬ ಯುವಕ ಪ್ರಶ್ನೆಯೇ ಅರ್ಥವಾಗದವನಂತೆ ನೋಡಿ, ‘ಇಳಸ್ತೀನ್ರಿ, ಮತ್ತೇನು ಮಾಡೂದು?’ ಎಂದ. ಅವನ ಜೊತೆ ಹೋದೆವು.

ಸಲಕರಣೆಯ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಸಲ್ಲದು. ಹಾರ್ನೆಸ್ ಎಂದರೆ ಹಗ್ಗ ಕಟ್ಟಲು ಮೈಗೆ ಹಾಕಿಕೊಳ್ಳುವ ಪಟ್ಟಿಗಳು. ದೊಡ್ಡವರ ಹಾರ್ನೆಸ್ ಸೊಂಟಕ್ಕೆ ಕಟ್ಟುವಂಥದ್ದು, ಅದು ಜಾರದಂತೆ ತಡೆಯುವುದು ಸೊಂಟದ ಮೂಳೆ. ಚಿಕ್ಕ ಮಕ್ಕಳಿಗೆ ಆ ಮೂಳೆ ಇನ್ನೂ ಅಗಲವಾಗಿರುವುದಿಲ್ಲ. ತಲೆಯ ಭಾರವೂ ದೇಹಕ್ಕೆ ಹೋಲಿಸಿದರೆ ಹೆಚ್ಚು. ಹಾಗಾಗಿ ಹಗ್ಗದಲ್ಲಿ ತೂಗುವಾಗ ಮಗು ತಲೆಕೆಳಗಾಗಿ, ಸೊಂಟದ ಪಟ್ಟಿಯಿಂದ ಜಾರಿ ಹೊರಬೀಳುವ ಅಪಾಯವಿದೆ. ಭುಜಗಳ ಮೇಲೂ ಪಟ್ಟಿ ಹಾದು, ಹಗ್ಗವನ್ನು ಎದೆಯ ಮಟ್ಟದಲ್ಲಿ ಕಟ್ಟುವ ಪೂರ್ಣದೇಹದ ಹಾರ್ನೆಸ್ಸೇ ಇವರಿಗೆ ಬೇಕು. ಯುರೋಪಿನ ಇಎನ್ 12277 ಮಾನದಂಡದಲ್ಲಿ 40 ಕಿಲೋವರೆಗಿನ ತೂಕದವರಿಗೆಂದೇ ‘ಬಿ’ ವರ್ಗವೊಂದಿದೆ. ಹಾರ್ನೆಸ್ಸಿನ ಒಳಗೆ ಹೊಲಿದ ಚೀಟಿಯಲ್ಲಿ ಅದನ್ನು ಓದಬಹುದು. ಬಿಗಿ ಮಾಡಿಬಿಟ್ಟರೆ ದೊಡ್ಡವರದೇ ಸಾಕಾಗುತ್ತದೆ ಎನ್ನುವವರ ಜೊತೆ ವಾದಿಸದೆ ಎದ್ದು ಬನ್ನಿ. ಹೆಲ್ಮೆಟ್ ಹಾಕಿದ ಮೇಲೆ, ಗದ್ದದ ಪಟ್ಟಿ ಕಟ್ಟುವ ಮುಂಚೆ, ತಲೆಯನ್ನು ಜೋರಾಗಿ ಅಲ್ಲಾಡಿಸಲು ಮಗುವಿಗೆ ಹೇಳಿ; ಆಗಲೂ ಅದು ಸ್ಥಾನ ಬಿಡಬಾರದು. ಬೂಟಿಗೆ ಹಣ ಸುರಿಯಬೇಕಾಗಿಲ್ಲ, ಶಾಲೆಯ ಕ್ಯಾನ್ವಾಸ್ ಬೂಟು ಸಾಕು. ಹಗ್ಗ ಯಾವಾಗಲೂ ಮೇಲಿನಿಂದಲೇ ಬರಬೇಕು, ಅಂದರೆ ಬಂಡೆಯ ನೆತ್ತಿಯಲ್ಲಿ ಕನಿಷ್ಠ ಎರಡು ಬೇರೆ ಬೇರೆ ಬೋಲ್ಟುಗಳಿಗೆ ಕಟ್ಟಿದ ಆಧಾರದ, ಅಂದರೆ ಆಂಕರಿನ ಮೂಲಕ ಹಾದು, ಕೆಳಗೆ ಬಿಲೇ ಹಿಡಿದವರ, ಅಂದರೆ ಹತ್ತುವವರ ಹಗ್ಗವನ್ನು ನೆಲದಿಂದ ಹಿಡಿದು ಕಾಯುವವರ ಕೈಗೆ ಸೇರಬೇಕು. ಎಂಟರ ಆಕಾರದ ಗಂಟನ್ನು ಕಟ್ಟಿದವರು ಒಮ್ಮೆ, ಬಿಲೇ ಹಿಡಿಯುವವರು ಒಮ್ಮೆ ನೋಡಬೇಕು. ಮಗುವಿಗೂ ಅದನ್ನು ಮುಟ್ಟಿ ಎಣಿಸಲು ಬಿಡಬೇಕು, ಅದರಿಂದ ಅರ್ಧ ಭಯ ಕಡಿಮೆಯಾಗುತ್ತದೆ.

ಅನೇಕರಿಗೆ ತಿಳಿಯದ ಒಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. ಆಗ ನನ್ನ ಮಗಳ ತೂಕ 16 ಕಿಲೋ. ಹಗ್ಗ ಬಂಡೆಯ ಅಂಚಿಗೆ ಉಜ್ಜಿಕೊಂಡು ಹಾದಿದ್ದರೆ ಅಷ್ಟು ಕಡಿಮೆ ತೂಕಕ್ಕೆ ಅದು ಓಡುವುದೇ ಇಲ್ಲ. ಕೆಳಗಿನವರು ಹಗ್ಗ ಸಡಿಲಿಸಿದರೂ ಮಗು ಮೇಲೆಯೇ ತೂಗಾಡುತ್ತಿರುತ್ತದೆ. ‘ಇಳಿಸು’ ಎಂದಾಗ ಇಳಿಸಲು ಮನಸ್ಸಿದ್ದೂ ಇಳಿಸಲಾಗದ ಸ್ಥಿತಿ ಅದು. ಆದ್ದರಿಂದ ಆರಡಿ ಎತ್ತರದಲ್ಲಿ ಇಳಿಸುವ ಪರೀಕ್ಷೆ ಮಾಡಿ, ಹಗ್ಗ ಸರಾಗವಾಗಿ ಬರುವುದನ್ನು ಕಂಡ ಮೇಲೆಯೇ ಮುಂದಕ್ಕೆ ಕಳುಹಿಸಬೇಕು. ನಮಗೆ ಮೊದಲ ಸಲ ಹಗ್ಗ ಸಿಕ್ಕಿಕೊಂಡಿತು. ಆ ಯುವಕ ಮತ್ತೆ ನೆತ್ತಿಗೆ ಹೋಗಿ ಆಂಕರನ್ನು ಅಂಚಿನಿಂದ ಮುಂದಕ್ಕೆ ತಂದ.

ಆ ಹೊತ್ತಿಗೆ ಮಗಳು ಏರುವುದನ್ನೇ ಮರೆತಿದ್ದಳು. ನೆಲದಿಂದ ಎರಡಡಿ ಮೇಲೆ ಹಗ್ಗದಲ್ಲಿ ಕೂತು ಜೋಕಾಲಿಯಾಡುವುದು, ಕಾಲಿನಿಂದ ಕಲ್ಲನ್ನು ತಳ್ಳುವುದು, ಮತ್ತೆ ಬಂದು ತಾಗುವುದು, ಹೀಗೆ ಒಂದು ಗಂಟೆ ಕಳೆಯಿತು. ಸಮಯ ವ್ಯರ್ಥವಾಯಿತೆಂದು ನನಗೆ ಅನಿಸಲಿಲ್ಲ. ಹಗ್ಗ ತನ್ನನ್ನು ಹಿಡಿಯುತ್ತದೆ ಎಂಬುದನ್ನು ಮಾತಿನಲ್ಲಿ ಹೇಳಿದರೆ ಮಗುವಿಗೆ ತಲುಪುವುದಿಲ್ಲ, ಅದು ಮೈಗೆ ತಿಳಿಯಬೇಕು. ಆಮೇಲೆ ಅವಳ ಕೈಗೆ ಸೀಮೆಸುಣ್ಣ ಕೊಟ್ಟು, ಇವತ್ತು ಎಲ್ಲಿಯವರೆಗೆ ಹೋಗುತ್ತೀಯೋ ಅಲ್ಲಿ ಗುರುತು ಮಾಡು ಎಂದೆ. ತನ್ನ ತಲೆಗಿಂತ ಒಂದು ಗೇಣು ಮೇಲೆ ಗೆರೆ ಎಳೆದಳು. ಅಲ್ಲಿಗೆ ಹೋದಳು, ‘ಇಳಿಸು’ ಎಂದಳು, ಆ ಮಾತು ಮುಗಿಯುವ ಮೊದಲೇ ಕೆಳಗಿದ್ದಳು. ನಿಜವಾಗಿಯೂ ಇಳಿಸುತ್ತಾರೆಯೇ ಎಂದು ಪರೀಕ್ಷಿಸುವವಳಂತೆ ಅದನ್ನೇ ನಾಲ್ಕು ಸಲ ಮಾಡಿದಳು. ಐದನೆಯ ಸಲ ಗೆರೆಯನ್ನು ತಾನೇ ದಾಟಿ, ಎರಡನೆಯ ಪದರದ ಸಂದಿಗೆ ಕೈ ಹಾಕಿದಳು.

ಕೈ ಹಾಕುವ ಮುನ್ನ ಸಂದಿನೊಳಗೆ ನೋಡಬೇಕೆಂದು ಅವಳಿಗೆ ಕಲಿಸಿದವರು ಅತ್ತೆ. ಚೇಳುಗಳಿಗೆ ಅಂಥ ಸಂದುಗಳೇ ಮನೆ. ಅವರೇ ಚಾಪೆ ಹಾಸುವ ಮೊದಲು ತಲೆಯೆತ್ತಿ ಬಂಡೆಯ ಚಾಚನ್ನೆಲ್ಲ ಕಣ್ಣಾಡಿಸಿ ನೋಡಿದರು. ಹೆಜ್ಜೇನು ನಮ್ಮ ಬಂಡೆಗಳ ಮೇಲಿನ ದೊಡ್ಡ ಅಪಾಯ. ಜೇನುಹುಟ್ಟು ಇರುವ ಗೋಡೆಯ ಬಳಿ ಸುಳಿಯಲೇಬಾರದು. ಹೊಗೆ, ಗದ್ದಲ ಯಾವುದೂ ಅಲ್ಲಿ ಇರಬಾರದು. ಮಂಗಗಳಿಗಂತೂ ಚೀಲದ ಜಿಪ್ಪು ತೆಗೆಯುವುದೂ ಗೊತ್ತು, ಬಾಳೆಹಣ್ಣನ್ನು ಮಗುವಿನ ಕೈಯಲ್ಲಿ ಕೊಟ್ಟು ಕಳುಹಿಸಬೇಡಿ. ಇದಕ್ಕೆಲ್ಲ ಮೂರನೆಯ ಹಿರಿಯರೊಬ್ಬರು ಬೇಕೇಬೇಕು. ಬಿಲೇ ಹಿಡಿದವರ ಕಣ್ಣು ಹತ್ತುವವರ ಮೇಲಿರುತ್ತದೆ, ಇನ್ನೊಬ್ಬರು ಹತ್ತುತ್ತಿರುತ್ತಾರೆ. ಆ ಹೊತ್ತಿನಲ್ಲಿ ಮಗು ಕಲ್ಲು ಉರುಳಿ ಬೀಳಬಹುದಾದ ಜಾಗಕ್ಕೆ ಓಡದಂತೆ ನೋಡುವವರು ಯಾರು? ನಮ್ಮ ಪಾಲಿಗೆ ಅತ್ತೆಯೇ ಆ ಮೂರನೆಯವರಾದರು. ಅವರು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತೋ ಇಲ್ಲವೋ ನಾನು ವಿಚಾರಿಸಲಿಲ್ಲ. ಮರುದಿನ ಬೆಳಿಗ್ಗೆ ನಮಗಿಂತ ಮೊದಲು ಚಾಪೆ ಸುತ್ತಿಕೊಂಡು ಸಿದ್ಧರಾಗಿದ್ದರು.

ಆಮೇಲೆ ನಾನು ಬೆಂಗಳೂರಿನಲ್ಲಿ ಕೃತಕ ಗೋಡೆಯ ಬಳಿ ತರಬೇತಿ ಪಡೆದು ಬಿಲೇ ಹಿಡಿಯುವುದನ್ನು ಕಲಿತೆ. ಕಂಠೀರವ ಕ್ರೀಡಾಂಗಣದಲ್ಲಿರುವಂಥ ಗೋಡೆಗಳಲ್ಲಿ ಮಗುವಿಗೂ ಮೊದಲು ಹಗ್ಗದ ರೂಢಿ ಮಾಡಿಸಿದರೆ ಒಳ್ಳೆಯದೇ. ಆದರೆ ಎಳೆಯ ಬೆರಳುಗಳ ಮೂಳೆ ಇನ್ನೂ ಬೆಳೆಯುತ್ತಿರುವುದರಿಂದ, ಬೆರಳ ತುದಿಯಲ್ಲಿ ನೇತಾಡಿಸುವ ಕಸರತ್ತುಗಳು ಮಕ್ಕಳಿಗೆ ಬೇಡ.

ಹೋದ ಡಿಸೆಂಬರಿನಲ್ಲಿ ಮತ್ತೆ ಬಾದಾಮಿಗೆ ಹೋದಾಗ ಮಗಳಿಗೆ ಏಳು ತುಂಬಿತ್ತು. ಅದೇ ಯುವಕ ಪಕ್ಕದಲ್ಲಿ ನಿಂತಿದ್ದ, ಬಿಲೇ ನಾನು ಹಿಡಿದಿದ್ದೆ. ಹಿಂದೆಂದೂ ಹೋಗದಷ್ಟು ಎತ್ತರಕ್ಕೆ ಅವಳು ಹೋದಳು. ಆಂಕರಿಗೆ ಇನ್ನು ಮೂರಡಿ ಇತ್ತು, ಮುಂದಿನ ಹಿಡಿ ಅವಳ ಮೂಗಿನ ಮಟ್ಟದಲ್ಲಿಯೇ ಇತ್ತು. ಅಲ್ಲಿ ನಿಂತು ಕೆಳಗೆ ನೋಡಿ, ‘ಅಮ್ಮಾ, ಇಳಿಸು’ ಎಂದಳು. ಅವಳ ಅಪ್ಪ ನನ್ನ ಕಡೆ ನೋಡಿದರು. ನಾನು ಹಗ್ಗ ಬಿಡುತ್ತ ಹೋದೆ. ಕಾಲು ನೆಲಕ್ಕೆ ತಾಗಿದ ಕೂಡಲೇ ಅವಳು ತನ್ನ ಗಂಟನ್ನು ತಾನೇ ಬಿಚ್ಚಿಕೊಂಡು, ಅಜ್ಜಿ ಬನಶಂಕರಿ ಗುಡಿಯ ಬಳಿಯಿಂದ ಕಟ್ಟಿಸಿಕೊಂಡು ಬಂದಿದ್ದ ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಯ ಕಡೆಗೆ ಓಡಿದಳು.