ಅಜ್ಜಿಯ ಎಲೆಅಡಿಕೆ ಚೀಲ

ನಿನ್ನೆ ಆನಗೋಡಿನ ಕಡೆಯ ಹಳ್ಳಿಯೊಂದರಲ್ಲಿ ಆರೋಗ್ಯ ತಪಾಸಣಾ ಶಿಬಿರವಿತ್ತು. ಎಂಬಿಬಿಎಸ್ ಓದುವ ನಾನು, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ ವಿದ್ಯಾರ್ಥಿಗಳು ಒಂದೇ ವ್ಯಾನಿನಲ್ಲಿ ಹೊರಟಿದ್ದೆವು. ನಾಲ್ಕು ವರ್ಷ ಇದೇ ದಾವಣಗೆರೆಯಲ್ಲಿ ಅಕ್ಕಪಕ್ಕದ ಮೇಜಿನಲ್ಲಿ ಬೆಣ್ಣೆದೋಸೆ ತಿಂದವರು. ಒಬ್ಬ ರೋಗಿಯ ಮುಂದೆ ಒಟ್ಟಿಗೆ ನಿಂತದ್ದು ಇದೇ ಮೊದಲು.

ಸಕ್ಕರೆ ಕಾಯಿಲೆಯ ಅಜ್ಜಿಯೊಬ್ಬರು, "ಮಧ್ಯಾಹ್ನದ ಹೊತ್ತಿಗೆ ಬೆವರು, ಕೈ ನಡುಕ, ಕಣ್ಣು ಕತ್ತಲೆ ಬರುತ್ತದೆ ತಮ್ಮಾ" ಎಂದರು. ರಕ್ತದೊತ್ತಡ ಸರಿಯಿತ್ತು. ವಯಸ್ಸು, ಬಿಸಿಲು ಎಂದುಕೊಂಡೆ. ಫಾರ್ಮಸಿಯ ಹುಡುಗಿ, "ಮಾತ್ರೆ ತಂದಿದ್ದೀರಾ ಅಜ್ಜೀ?" ಎಂದಳು. ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿಯ ಜೊತೆಗೆ ಎರಡು ಮಾತ್ರೆ ಪಟ್ಟಿಗಳು ಬಂದವು. ಹೆಸರು ಬೇರೆ, ಬಣ್ಣ ಬೇರೆ. ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಎರಡರಲ್ಲೂ ರಕ್ತದ ಸಕ್ಕರೆ ಇಳಿಸುವ ಒಂದೇ ಔಷಧಿ, ಗ್ಲಿಮೆಪಿರೈಡ್! ಎರಡು ಕಡೆ ತೋರಿಸಿ, ಎರಡನ್ನೂ ತಪ್ಪದೆ ನುಂಗುತ್ತಿದ್ದರು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ 58, ಇರಬೇಕಾದದ್ದಕ್ಕಿಂತ ಕಡಿಮೆ. ಕೂಡಲೇ ಸಕ್ಕರೆ ನೀರು ಕುಡಿಸಿದೆವು. ಅಷ್ಟರಲ್ಲಿ ನರ್ಸಿಂಗ್ ಗೆಳೆಯ ನೆಲಕ್ಕೆ ಕುಳಿತು, ಅಜ್ಜಿಯ ಪಾದ ಎತ್ತಿ, ಹೆಬ್ಬೆರಳಿನ ಬುಡದ ಹುಣ್ಣನ್ನು ತೋರಿಸಿದ. ನೋವೇ ಇಲ್ಲವಾದ್ದರಿಂದ ಅಜ್ಜಿಗೆ ಅದು ಗೊತ್ತೇ ಇರಲಿಲ್ಲ.

ಬೇರೆ ಬೇರೆ ವೃತ್ತಿಯ ವಿದ್ಯಾರ್ಥಿಗಳು ಒಬ್ಬರಿಂದೊಬ್ಬರು, ಒಬ್ಬರೊಡನೊಬ್ಬರು ಕಲಿಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿಯೇ ಹೇಳಿದೆ. ಪರೀಕ್ಷೆಗೆಂದು ಓದಿದ್ದೆ. ನಮಗೆ ಇದು ಮೊದಲ ವರ್ಷದಿಂದಲೇ ಬೇಕಿತ್ತು, ವಾರಕ್ಕೊಂದು ಗಂಟೆಯಾದರೂ.

ವಾಪಸು ಬರುವಾಗ ಆ ಹುಡುಗಿಯ ಪಕ್ಕದಲ್ಲಿ ಕುಳಿತು, ಮಾತ್ರೆ ಪಟ್ಟಿಯ ಹಿಂಬದಿಯಲ್ಲಿ ಮೊದಲು ಏನನ್ನು ನೋಡಬೇಕೆಂದು ಕೇಳಿಕೊಂಡೆ.