ಮೇಷ್ಟರ ಡಸ್ಟರು

ಅರ್ಥಶಾಸ್ತ್ರದ ಮೇಷ್ಟರು ತೀರಿಕೊಂಡರೆಂದು ಗೆಳೆಯನೊಬ್ಬ ಫೋನ್ ಮಾಡಿದಾಗ ನನಗೆ ಮೊದಲು ನೆನಪಾದದ್ದು ಮೇಜಿನ ಮೇಲೆ ತಾನಾಗಿ ತೆವಳಿದ ಡಸ್ಟರು.

ಅಂದು ಆಧುನಿಕ ಅರ್ಥಶಾಸ್ತ್ರದ ಪಿತಾಮಹ ಆಡಂ ಸ್ಮಿತ್ ಪಾಠ. ತನ್ನ ಲಾಭಕ್ಕೆಂದು ದುಡಿಯುವವನನ್ನು ಅವನಿಗೇ ಅರಿವಿಲ್ಲದಂತೆ ಸಮಾಜದ ಹಿತಕ್ಕೂ ನಡೆಸುವ ‘ಅದೃಶ್ಯ ಹಸ್ತ’ದ ಮಾತು ಬಂದೇ ಬರುತ್ತದೆಂದು ಗೊತ್ತಿದ್ದ ನಾವು ಡಸ್ಟರಿಗೆ ಕಪ್ಪು ದಾರ ಕಟ್ಟಿ, ತುದಿಯನ್ನು ಮುಂದಿನ ಬೆಂಚಿನಲ್ಲಿ ಹಿಡಿದು ಕುಳಿತಿದ್ದೆವು. (ಉಪಾಯ ನನ್ನದು. ಈಗ ಬೇರೆಯವರು ತಮ್ಮದೆಂದು ಹೇಳಿಕೊಳ್ಳುತ್ತಿರುವುದರಿಂದ ದಾಖಲಿಸುತ್ತಿದ್ದೇನೆ.) ಅವರು ಆ ಪದ ಉಚ್ಚರಿಸಿದಾಗಲೆಲ್ಲ ಡಸ್ಟರು ಗೇಣುದ್ದ ಜರುಗಿತು. ಮೂರನೆಯ ಸಲಕ್ಕೆ ಸೀಮೆಸುಣ್ಣ ಕೆಳಗಿಟ್ಟು, “‘ವೆಲ್ತ್ ಆಫ್ ನೇಷನ್ಸ್’ನಂಥ ದಪ್ಪ ಗ್ರಂಥದಲ್ಲಿ ಸ್ಮಿತ್ ಈ ಪದ ಬಳಸಿದ್ದು ಒಂದೇ ಸಲ. ನೀವು ಒಂದು ಪಿರಿಯಡ್‌ನಲ್ಲಿ ಮೂರು ಸಲ ಎಳೆದಿರಿ” ಎಂದರು. ದಾರದ ಗುಂಟ ಬಂದವರು ನೇರ ನನ್ನ ಬೆರಳಿಗೇ ತಲುಪಿದರು.

ಶಿಕ್ಷೆಯಾಗಿ ಪುಸ್ತಕವೊಂದನ್ನು ಕೈಗಿತ್ತರು. 1776ರ ಆ ಮಹಾಗ್ರಂಥಕ್ಕೆ 17 ವರ್ಷ ಮೊದಲು, ಗ್ಲಾಸ್ಗೋದಲ್ಲಿ ನೀತಿಶಾಸ್ತ್ರದ ಪ್ರಾಧ್ಯಾಪಕನಾಗಿದ್ದಾಗ ಸ್ಮಿತ್ ಬರೆದ ‘ಥಿಯರಿ ಆಫ್ ಮಾರಲ್ ಸೆಂಟಿಮೆಂಟ್ಸ್’. ಮನುಷ್ಯ ಎಷ್ಟೇ ಸ್ವಾರ್ಥಿಯಾದರೂ ಇನ್ನೊಬ್ಬರ ಸುಖದುಃಖ ಅವನನ್ನು ತಟ್ಟದೆ ಬಿಡದು ಎಂಬಲ್ಲಿಂದಲೇ ಅದು ಆರಂಭವಾಗುತ್ತದೆ. ನಮ್ಮ ನಡತೆಯನ್ನು ಎದೆಯೊಳಗೇ ಕುಳಿತು ತೂಗುವ ‘ನಿಷ್ಪಕ್ಷಪಾತ ಪ್ರೇಕ್ಷಕ’ನೊಬ್ಬ ಅದರಲ್ಲಿದ್ದಾನೆ. ವಾರಗಟ್ಟಲೆ ಅವನು ನನ್ನ ನಿದ್ದೆ ಕೆಡಿಸಿದ. ದಾರ ಎಳೆದದ್ದನ್ನು ಅವನೂ ನೋಡಿದ್ದನಲ್ಲ!

ಬೇಡಿಕೆ-ಪೂರೈಕೆಯ ರೇಖೆಗಳನ್ನು ಪ್ರಸಿದ್ಧಗೊಳಿಸಿದ ಇಂಗ್ಲಿಷ್ ಅರ್ಥಶಾಸ್ತ್ರಜ್ಞ, ಗಣಿತದಲ್ಲಿ ಪಳಗಿದ ಆಲ್ಫ್ರೆಡ್ ಮಾರ್ಷಲ್ ರಜೆಗಳಲ್ಲಿ ಕಡುಬಡವರ ಕೇರಿಗಳನ್ನು ಸುತ್ತಿ, ಅಲ್ಲಿನ ಮುಖಗಳನ್ನು ನೋಡಿ ನೋಡಿ ಅರ್ಥಶಾಸ್ತ್ರಕ್ಕೆ ಬಂದ ಕಥೆ ಹೇಳದೆ ಮೇಷ್ಟರು, ಬೆಲೆ ಏರಿದಂತೆ ಕೊಳ್ಳುವಿಕೆ ಇಳಿಯುವುದನ್ನು ತೋರಿಸುವ ಬೇಡಿಕೆಯ ರೇಖೆ ಎಳೆದವರಲ್ಲ. ಈಗ ನನ್ನ ಮೊಮ್ಮಗಳ ಪುಸ್ತಕದಲ್ಲಿ ರೇಖೆ ಇದೆ. ಮಾರ್ಷಲ್ ನಾಲ್ಕು ಆಯ್ಕೆಗಳಲ್ಲಿ ‘ಸಿ’. ಅವಳಿಗೆ ನೂರಕ್ಕೆ 98, ನನಗೆ ಬಂದಿದ್ದದ್ದು 51. ಆದರೂ ವಾದದಲ್ಲಿ ಅವಳು ನನ್ನನ್ನು ಇನ್ನೂ ಗೆದ್ದಿಲ್ಲ.

ಮೇಷ್ಟರ ಅಚ್ಚುಮೆಚ್ಚಿನ ಪ್ರಸಂಗ ಇನ್ನೊಂದಿತ್ತು. 1764ರಲ್ಲಿ ವರ್ಷದ ನಡುವೆಯೇ ಹುದ್ದೆ ಬಿಟ್ಟು ಹೊರಟ ಸ್ಮಿತ್, ವಿದ್ಯಾರ್ಥಿಗಳು ಕೊಟ್ಟಿದ್ದ ಶುಲ್ಕವನ್ನು ಕಾಗದದಲ್ಲಿ ಕಟ್ಟಿ ಹಿಂದಿರುಗಿಸಲು ತಂದ. ಕಲಿತದ್ದೇ ಸಾಕಷ್ಟಾಯಿತೆಂದು ಅವರು ಒಲ್ಲೆವೆಂದರು. ಪಕ್ಕದಲ್ಲಿದ್ದವನ ಕೋಟು ಹಿಡಿದು ಜೇಬಿಗೇ ತುರುಕಿದನಂತೆ. ಇದನ್ನು ಹೇಳುವಾಗ ಮೇಷ್ಟರು ಮುಂದಿನ ಬೆಂಚಿನವನ ಅಂಗಿ ಹಿಡಿದು ಜಗ್ಗುತ್ತಿದ್ದರು. ಬಹಳ ಸಲ ಆ ಅಂಗಿ ನನ್ನದೇ.

ಶಿಕ್ಷೆಯ ಪುಸ್ತಕವನ್ನು ಮಾತ್ರ ನಾನು ಹಿಂದಿರುಗಿಸಲಿಲ್ಲ. ಕೇಳಿದಾಗೊಮ್ಮೆ “ಇನ್ನೂ ಮುಗಿದಿಲ್ಲ ಸರ್” ಎಂದಿದ್ದೆ. ಮೊನ್ನೆ ತೆಗೆದು ನೋಡಿದರೆ, ಗುರುತಿಗೆಂದು ಇಟ್ಟ ಕಪ್ಪು ದಾರ ಅರವತ್ತನೆಯ ಪುಟದಲ್ಲೇ ಇತ್ತು.